ಫ್ರಿಜ್ಜಿನಲ್ಲಿ ಗಟ್ಟಿಯಾದ ಕಡಲೆಕಾಯಿ ಎಣ್ಣೆ

ಸರೋಜತ್ತೆಯ ಗಾಣದ ಕಲಬೆರಕೆಯನ್ನು ಬಯಲಿಗೆ ತಂದವಳು ನಾನು ಎಂದು ನಮ್ಮೂರಲ್ಲಿ ಈಗಲೂ ಹೇಳುತ್ತಾರೆ. ಯಾವ ಕಲಬೆರಕೆ? ನಾನು ಬಯಲಿಗೆ ತಂದದ್ದು ಏನೂ ಇಲ್ಲ. ಒಂದು ಸುಳ್ಳು ಹೇಳಿ ವಾದ ಗೆದ್ದೆ, ಅಷ್ಟೆ.

ನಮ್ಮದು ವಿದುರಾಶ್ವತ್ಥದ ಕಡೆಯ ಹೊಲ. ಕಡಲೆಕಾಯಿ ಸುಲಿದು ಬೀಜವನ್ನು ಗೌರಿಬಿದನೂರಿನ ಗಾಣಕ್ಕೆ ಒಯ್ಯುತ್ತೇವೆ. ಗಾಣದ ಒಡತಿ ಸರೋಜಮ್ಮ ಊರಿಗೆಲ್ಲ ಅತ್ತೆ. ಬೀಜ ಕೊಟ್ಟ ಮನೆಯವರು ಯಾರಾದರೂ ಒಬ್ಬರು ಎಣ್ಣೆ ಇಳಿಯುವವರೆಗೂ ಎದುರಿಗೇ ಕೂತಿರುವುದು ರೂಢಿ. ಆ ಸಲ ಕೂತವಳು ನಾನು.

ಶುದ್ಧ ಕಡಲೆಕಾಯಿ ಎಣ್ಣೆ ಫ್ರಿಜ್ಜಿನಲ್ಲಿ ಗಟ್ಟಿಯಾಗುವುದಿಲ್ಲ ಎಂದು ಯಾವುದೋ ವಿಡಿಯೊದಲ್ಲಿ ನೋಡಿದ್ದೆ. ಗಾಣದಿಂದ ತಂದ ಎಣ್ಣೆಯನ್ನು ಇಟ್ಟು ನೋಡಿದೆ. ಬೆಳಿಗ್ಗೆ ತುಪ್ಪದ ಹಾಗೆ ಕೂತಿತ್ತು! ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ಗೆದ್ದು ಬೀಗುತ್ತಿದ್ದ ಕಾಲ. ಫೋಟೊ ತೆಗೆದುಕೊಂಡು ನೇರ ಗಾಣಕ್ಕೆ ಹೋದೆ. ಬೀಜದ ಚೀಲ ಹಿಡಿದು ನಿಂತಿದ್ದ ನಮ್ಮೂರಿನವರ ಮುಂದೆಯೇ ಫೋನು ಎತ್ತಿ ತೋರಿಸಿದೆ.

"ಪಾಮಾಯಿಲ್ ಬೆರೆಸಿದ್ದೀರ ಅತ್ತೆ."

"ನಾನ್ಯಾವಾಗ ಬೆರೆಸ್ದೆ ತಾಯೀ? ನೀನೇ ಎದುರಿಗೆ ಕೂತಿದ್ಯಲ್ಲಮ್ಮಾ, ಕಣ್ ಮಿಟುಕಿಸ್ದಂಗೆ!"

ಹಿಂದೆ ಯಾರೋ ನಕ್ಕರು. "ಲಾಯರಮ್ಮ ಈಗೇನ್ ಅಂತಾಳೋ ನೋಡಣ."

ಆ ನಗು — ಎದುರಾಳಿಗೆ ಬಿದ್ದ ಚಪ್ಪಾಳೆಯಂತೆ ಕೇಳಿಸಿತು ನನಗೆ.

"ಮಧ್ಯದಲ್ಲಿ ಫೋನ್ ಬಂತು ಅಂತ ಆಚೆ ಹೋಗಿದ್ದೆ," ಎಂದೆ.

ಹೋಗಿರಲಿಲ್ಲ. ಕೂತ ಜಾಗದಿಂದ ಎದ್ದೇ ಇರಲಿಲ್ಲ. ಗಾಣಕ್ಕೆ ನಮ್ಮ ಬೀಜವಲ್ಲದೆ ಬೇರೇನೂ ಬಿದ್ದಿರಲಿಲ್ಲ. ಸರೋಜತ್ತೆ ನನ್ನ ಮುಖವನ್ನೇ ನೋಡಿದರು, ಸುಮ್ಮನಾದರು. ಒಬ್ಬೊಬ್ಬರೇ ಚೀಲ ಎತ್ತಿಕೊಂಡು ಹೊರಟರು.

ಆದರೆ ಎಣ್ಣೆ ಗಟ್ಟಿಯಾದದ್ದು ನಿಜ ತಾನೇ? ಹಾಗಾದರೆ ಯಾಕೆ? ಈ ಪ್ರಶ್ನೆ ಬಿಡಲಿಲ್ಲ. ಒಂದಿಷ್ಟು ಬೀಜವನ್ನು ನಾನೇ ಮಿಕ್ಸಿಯಲ್ಲಿ ಅರೆದು, ಬಿಸಿನೀರು ಚಿಮುಕಿಸಿ ನಾದಿ, ಎಣ್ಣೆ ಹಿಂಡಿದೆ. ಅದನ್ನೂ ಎಳ್ಳೆಣ್ಣೆ, ಸೂರ್ಯಕಾಂತಿ, ಹರಳೆಣ್ಣೆಗಳನ್ನೂ ಸಾಲಾಗಿ ಫ್ರಿಜ್ಜಿನಲ್ಲಿಟ್ಟೆ. ಎಳ್ಳೆಣ್ಣೆ, ಸೂರ್ಯಕಾಂತಿ ನೀರಿನಂತೆ ಹರಿದವು. ಹರಳೆಣ್ಣೆ ಜೇನಿಗಿಂತ ಮಂದವಾಗಿತ್ತು, ಆದರೂ ತಿಳಿಯಾಗಿಯೇ ಇತ್ತು. ನಾನೇ ಹಿಂಡಿದ ಕಡಲೆಕಾಯಿ ಎಣ್ಣೆ ಮಾತ್ರ — ಗಟ್ಟಿ. ಹೊರಗಿಟ್ಟರೆ ಮತ್ತೆ ತಿಳಿ. ಒಂದೊಂದು ಎಣ್ಣೆ ಒಂದೊಂದು ಚಳಿಗೆ ಹೆಪ್ಪುಗಟ್ಟುತ್ತದೆ. ಧನುರ್ಮಾಸದ ಬೆಳಿಗ್ಗೆ ಬಾಟಲಿಯಲ್ಲೇ ಕಲ್ಲಾಗುವ ಕೊಬ್ಬರಿ ಎಣ್ಣೆಯನ್ನು ಯಾರಾದರೂ ಕಲಬೆರಕೆ ಅನ್ನುತ್ತಾರೆಯೇ? ಇಷ್ಟು ಸಣ್ಣ ಪ್ರಶ್ನೆ ಮೊದಲೇ ಹೊಳೆಯಬಾರದಿತ್ತೇ...

ಹೊಳೆದ ಮೇಲಾದರೂ ಹೇಳಿದೆನೇ? ಇಲ್ಲ. ಅಷ್ಟರಲ್ಲಿ ಊರಿಗೆಲ್ಲ ಧೈರ್ಯವಂತ ಹುಡುಗಿಯಾಗಿದ್ದೆ. ಅದು ಹಿತವಾಗಿತ್ತು. ವಿಡಿಯೊ ನಂಬಿದ್ದು ದಡ್ಡತನ. ಎದ್ದು ಹೋಗಿದ್ದೆ ಎಂದದ್ದು ದಡ್ಡತನವಲ್ಲ. ನಮ್ಮೂರಿನಿಂದ ಆ ಗಾಣಕ್ಕೆ ಈಗ ಯಾರೂ ಬೀಜ ಒಯ್ಯುವುದಿಲ್ಲ.

ಈ ಭಾನುವಾರ, ಊರೆಲ್ಲ ಹಾಲು ಹಾಕಲು ಸೇರುವ ಡೇರಿಯ ಮುಂದೆ, ಇದನ್ನೆಲ್ಲ ಬಾಯಿಬಿಟ್ಟು ಹೇಳುತ್ತೇನೆ. ಆಮೇಲೆ ನಿಮ್ಮಲ್ಲಿಗೆ ಬರುತ್ತೇನೆ, ಅತ್ತೆ. ಕ್ಷಮೆಯನ್ನು ವಾದಿಸಿ ಪಡೆಯಲು ಅಲ್ಲ. ನಾನು ಎದ್ದಿರಲಿಲ್ಲವೆಂದು ನಿಮಗೆ ಚೆನ್ನಾಗಿಯೇ ಗೊತ್ತಿತ್ತು. ಒಂದೇ ಮಾತು ಸಾಕಿತ್ತು ನನ್ನ ಸುಳ್ಳು ಬೀಳಿಸಲು. ಅವತ್ತು ನನ್ನ ಮುಖದಲ್ಲಿ — ಏನು ಕಂಡು ಸುಮ್ಮನಾದಿರಿ?