ಅಪ್ಪನಿಗೆ ನಾನಿಟ್ಟ ಹೆಸರು

ನಾನು ಚಿಕ್ಕವನಿದ್ದಾಗ ಒಂದು ಭಾನುವಾರ ನಿಂತಿದ್ದ ಜಾಗವನ್ನು ಇವತ್ತೂ ತೋರಿಸಬಲ್ಲೆ. ಲಂಡನ್ನಿನ ಇಲ್ಫರ್ಡಿನಲ್ಲಿ ನಮ್ಮ ಬೀದಿಯ ತುದಿಯ ಪಾರ್ಕು, ಬೇಸ್‌ಬಾಲ್ ಆಟದ ಮೂರನೇ ಬೇಸ್ ಎಂದು ನಾವು ಹಾಸಿದ್ದ ನೀಲಿ ಕೋಟಿನಿಂದ ಎರಡು ಹೆಜ್ಜೆ ಆಚೆ. ಬೇಸಿಗೆ, ಮಧ್ಯಾಹ್ನ ಮೂರು ಗಂಟೆ. ನನಗೆ ಹನ್ನೊಂದು ವರ್ಷ.

ನಮಗೆ ಆಟ ಕಲಿಸುತ್ತಿದ್ದ ಕೋಚ್ ಅಮೆರಿಕದವರು. ಅವರ ದೇಶದಲ್ಲಿ ಒಂದು ತಂಡಕ್ಕೆ ಕಾಲುಚೀಲದ ಹೆಸರಂತೆ, ಇನ್ನೊಂದಕ್ಕೆ ಹಕ್ಕಿಯ ಹೆಸರಂತೆ. ಆಟಗಾರರಿಗೂ ಒಂದೊಂದು ಅಡ್ಡಹೆಸರು. ನಮ್ಮಲ್ಲೂ ಅದೇ ಪದ್ಧತಿ ಮಾಡಿದ್ದರು. ತನ್ನ ಹೆಸರನ್ನು ತಾನೇ ಇಟ್ಟುಕೊಳ್ಳುವಂತಿಲ್ಲ, ಜೊತೆಯವರು ಇಡಬೇಕು. ಬ್ಯಾಟ್ ಹಿಡಿದು ಬಂದವನನ್ನು ಎಲ್ಲರೂ ಆ ಹೆಸರಿನಿಂದಲೇ ಕೂಗಬೇಕು. ವೇಗವಾಗಿ ಓಡುತ್ತಿದ್ದ ನಾನು ರಾಕೆಟ್.

ಅಂದು ಆಟಕ್ಕೆ ಒಬ್ಬರು ಕಡಿಮೆಯಿದ್ದರು. ಅಪ್ಪ ರೆಸ್ಟೋರೆಂಟ್ ಅಡುಗೆಮನೆಯಿಂದ ನೇರ ಬಂದಿದ್ದರು, ಕೈಯಲ್ಲಿ ಬಿಸಿ ಗೋಳಿಬಜೆಯ ಡಬ್ಬಿ. ಹುಡುಗರೆಲ್ಲ ಅದನ್ನು ತಿಂದು ಮುಗಿಸಿದ ಮೇಲೆ ಕೋಚ್ ಅಪ್ಪನ ಕೈಗೆ ಬ್ಯಾಟ್ ಕೊಟ್ಟರು.

“ಇದನ್ ಹ್ಯಾಂಗ್ ಹಿಡ್ಕಣ್ಕ್ ಮಾಣಿ?” ಎಂದು ಅಪ್ಪ ನನ್ನನ್ನು ಕೇಳಿದರು. ಅವರ ಮುಖದ ತುಂಬ ಸಂತೋಷವಿತ್ತು.

“ಏನಂತ ಕರೆಯೋಣ, ರಾಕೆಟ್? ನಿಮ್ಮಪ್ಪನಿಗೆ ನೀನೇ ಹೆಸರಿಡು,” ಎಂದರು ಕೋಚ್.

ಅಪ್ಪನ ಅಂಗಿಯಿಂದ, ಬೆರಳುಗಳಿಂದ ಬರುತ್ತಿದ್ದ ವಾಸನೆ ನನಗೆ ಗೊತ್ತಿತ್ತು. ಬೇರೆಯವರು ಹೇಳುವ ಮೊದಲು ನಾನೇ ಹೇಳಿಬಿಟ್ಟರೆ ನಗುವವರ ಕಡೆ ನಾನೂ ಇರುತ್ತೇನೆ ಎಂದುಕೊಂಡೆ. ಹೇಳಿದೆ.

“ಆನಿಯನ್! ಆನಿಯನ್!” ಎಂದು ಎಲ್ಲರೂ ಕೂಗಿದರು.

ಮೊದಲ ಕೂಗಿಗೆ ಅಪ್ಪ ನಕ್ಕರು. ಎರಡನೆಯದಕ್ಕೆ ನಗು ನಿಂತಿತು. ಅವರು ನೋಡಿದ್ದು ಕೋಚ್ ಕಡೆಗಲ್ಲ, ನನ್ನ ಕಡೆಗೆ. ಮೂರು ಸಲ ಬೀಸಿದರು, ಮೂರೂ ತಪ್ಪಿದವು. “ಸಾರಿ,” ಎಂದು ಬ್ಯಾಟನ್ನು ಹುಲ್ಲಿನ ಮೇಲೆ ಮೆಲ್ಲಗೆ ಇಟ್ಟು, ಖಾಲಿ ಡಬ್ಬಿ ಎತ್ತಿಕೊಂಡು ಕೆಲಸಕ್ಕೆ ಹೋದರು.

ಬೆಂಚಿನಲ್ಲಿ ಕೂತು ಆಟ ನೋಡುತ್ತಿದ್ದ ನನ್ನ ಅಕ್ಕ ಎದ್ದು ಬಂದಳು. “ಅಪ್ಪಯ್ಯಂಗೆ ಆ ಶಬ್ದ ಗೊತ್ತಿಲ್ಲ ಅಂದ್ಕಂಡ್ಯಾ? ದಿನಾ ಮೂಟೆಗಟ್ಲೆ ಕತ್ತರ್ಸುದ್ ಅದನ್ನೇ ಅಲ್ದಾ?”

ಅಪ್ಪ ನನ್ನನ್ನು ಬೈಯಲಿಲ್ಲ. ಪಾರ್ಕಿಗೂ ಮತ್ತೆ ಬರಲಿಲ್ಲ. ಆದರೆ ನನ್ನ ಶಾಲೆಗೆ ಬರಬೇಕಾದಾಗಲೆಲ್ಲ ಸಿಂಕಿನ ಮುಂದೆ ನಿಂತು ಅರ್ಧ ನಿಂಬೆಹಣ್ಣನ್ನು ಅಂಗೈಗೆ, ಬೆರಳ ಸಂದಿಗೆ ಉಜ್ಜಿಕೊಳ್ಳುತ್ತಿದ್ದರು. ಚಾಕು ತಾಗಿದ ಗಾಯಗಳಿಗೆ ರಸ ಇಳಿದು ಉರಿಯುವಾಗ ಕಣ್ಣು ಮುಚ್ಚುತ್ತಿದ್ದರು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಸಾಕು ಅಪ್ಪ ಎನ್ನಲು ಒಮ್ಮೆಯೂ ಬಾಯಿ ಬರಲಿಲ್ಲ.

ಮೊಮ್ಮಕ್ಕಳೇ, ನಿಮ್ಮ ತಂಡದಲ್ಲಿ ನಿಮಗೆ ಬೇಕಾದ ಹೆಸರನ್ನು ನೀವೇ ಆರಿಸಿ ಅಂಗಿಯ ಬೆನ್ನಿಗೆ ಅಚ್ಚು ಹಾಕಿಸಿಕೊಳ್ಳುತ್ತೀರಿ. ಅದು ಒಳ್ಳೆಯದು. ಮೊನ್ನೆ ಸ್ಟ್ರಾಟ್‌ಫರ್ಡಿನಲ್ಲಿ ಆಟ ನೋಡುವಾಗ, “ಅಜ್ಜ, ವಾಟ್ ವಾಸ್ ಯುವರ್ ನಿಕ್‌ನೇಮ್?” ಎಂದು ಕೇಳಿದಿರಿ. ನನ್ನದನ್ನು ಹೇಳಿದೆ, ನೀವು ಚಪ್ಪಾಳೆ ತಟ್ಟಿದಿರಿ. ಅಪ್ಪನದನ್ನು ಹೇಳಲಿಲ್ಲ.

ಅಂದು ಅದನ್ನು ಕಂಡವರಲ್ಲಿ ಈಗ ಬದುಕಿರುವವರು, ನನಗೆ ತಿಳಿದಂತೆ, ಇಬ್ಬರು. ನಾನು, ಮತ್ತು ವೆಂಬ್ಲಿಯಲ್ಲಿರುವ ಅಕ್ಕ. ನಾನು ಏನನ್ನಾದರೂ ಬಿಟ್ಟು ಹೇಳಿದ್ದರೆ ಅವಳನ್ನು ಕೇಳಿ.