ಒಂಬತ್ತು ದಿನದ ಮನೆ

ಗುಮಾಸ್ತ ಶಿವಬಸಪ್ಪನವರಿಗೆ ಜನ್ಮದಲ್ಲಿ ಒಂದೇ ಒಂದು ಸಲ ಪಕ್ಕದವರಿಗಿಂತ ಮುಂದೆ ಹೋಗುವ ಅವಕಾಶ ಸಿಕ್ಕಿತ್ತು. ಅದು ೧೯೫೬ರಲ್ಲಿ, ರಾಜಾಜಿನಗರದಲ್ಲಿ.

ಪಕ್ಕದ ಸೈಟಿನ ಕರಿಬಸಪ್ಪನವರು ಎರಡು ವರ್ಷದಿಂದ ಮನೆ ಕಟ್ಟಿಸುತ್ತಲೇ ಇದ್ದರು. ಇಟ್ಟಿಗೆ ಬಂದರೆ ಸುಣ್ಣವಿಲ್ಲ. ಸುಣ್ಣ ಬಂದರೆ ಲಗ್ಗೆರೆಯ ಮೇಸ್ತ್ರಿ ದೊಡ್ಡಹನುಮಯ್ಯನಿಲ್ಲ. ಅವನ ನೆಂಟರಲ್ಲಿ ವಾರಕ್ಕೊಂದು ಮದುವೆ. ಇದನ್ನು ನೋಡಿ ನೋಡಿ ಶಿವಬಸಪ್ಪನವರು ಅಚ್ಚಿನಲ್ಲಿ ಎರಕ ಹೊಯ್ದ ಕಾಂಕ್ರೀಟ್ ಗೋಡೆಗಳಿಗೆ ಮನಸೋತರು. ಗೋಡೆಗಳು ಲಾರಿಯಲ್ಲಿ ಮಲಗಿಕೊಂಡು ಬಂದವು, ಒಂಬತ್ತೇ ದಿನದಲ್ಲಿ ಎದ್ದು ನಿಂತವು.

"ನಿಮ್ಮದು ಇನ್ನೂ ಕಿಟಕಿ ಮಟ್ಟ ಬಂದಿಲ್ವೇ?" ಎಂದು ಕರಿಬಸಪ್ಪನವರನ್ನು ದಿನಕ್ಕೆರಡು ಸಲ ವಿಚಾರಿಸಿಕೊಂಡರು. ಸೋಮವಾರ ಗೃಹಪ್ರವೇಶವೆಂದು ಆಮಂತ್ರಣ ಪತ್ರ ಅಚ್ಚು ಹಾಕಿಸಿ ಆಫೀಸಿಗೆಲ್ಲ ಹಂಚಿದರು.

ಗುರುವಾರ ಹೆಂಡತಿ ಕಲ್ಯಾಣಮ್ಮ ಬಂದು ಗೋಡೆಯ ಮೇಲೆಲ್ಲ ಕೈಯಾಡಿಸಿ ನೋಡಿದರು.

"ದೀಪದ ಗೂಡೆಲ್ರೀ?"

"ಗೂಡೇ?"

"ದೇವರ ದೀಪಕ್ಕೆ ಗೋಡೇಲಿ ಗೂಡು ಬೇಡ್ವಾ? ನಿಮ್ಮವ್ವ ದನದ ಕೊಟ್ಟಿಗೇಲೂ ಇಡಿಸಿದ್ರು. ಗೂಡಿಲ್ಲದ ಮನೆಗೆ ನಾನು ಹಾಲುಕ್ಕಿಸಲ್ಲ."

ಮೊಳೆ ಹೊಡೆದು ಹಲಗೆ ಕೂರಿಸೋಣವೆಂದು ಶಿವಬಸಪ್ಪನವರು ಸುತ್ತಿಗೆ ಎತ್ತಿದರು. ಗೋಡೆ ಐದು ಮೊಳೆ ಬಗ್ಗಿಸಿತು. ಆರನೆಯದು ಹೆಬ್ಬೆರಳ ಮೇಲೆ ಮುಗಿಯಿತು.

ಬೇರೆ ದಾರಿಯಿಲ್ಲದೆ, ಕರಿಬಸಪ್ಪನವರ ಅರ್ಧ ಗೋಡೆಯ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಿದ್ದ ದೊಡ್ಡಹನುಮಯ್ಯನನ್ನೇ ಕರೆತಂದರು. ಅವನು ಗೋಡೆಯನ್ನು ಒಳಗಿಂದ ತಟ್ಟಿದ. ಹೊರಗೆ ಹೋಗಿ ಅಲ್ಲಿಂದಲೂ ತಟ್ಟಿದ.

"ಸಾಮಿ, ಗೋಡೆ ಮೂರಂಗುಲ. ಗೂಡಿಗೆ ಆರಂಗುಲ ಬೇಕು. ಕೊರೆದ್ರೆ ದೀಪ ನಿಮ್ದು, ಬೆಳಕು ಕರಿಬಸಪ್ನೋರ್ದು."

"ಮತ್ತೇನಯ್ಯ ಮಾಡೋದು?"

"ಇದಕ್ಕೆ ಒತ್ಕೊಂಡಂಗೆ ಒಳಗೊಂದು ಇಟ್ಟಿಗೆ ಗೋಡೆ ಎಬ್ಬಿಸ್ಬೇಕು."

"ಸೋಮವಾರದೊಳಗೆ?"

ದೊಡ್ಡಹನುಮಯ್ಯ ಅವರನ್ನು ಮಗುವನ್ನು ನೋಡುವಂತೆ ನೋಡಿದ. "ಇಟ್ಟಿಗೆ ಬರ್ಬೇಕು, ಗಾರೆ ಅರೀಬೇಕು, ಗೋಡೆ ನೀರು ಕುಡೀಬೇಕು. ಮಧ್ಯೆ ನಮ್ಮ ಭಾವಮೈದನ ಮದ್ವೆ ಬೇರೆ."

ಶಿವಬಸಪ್ಪನವರಿಗೆ ಆ ಮೂರಂಗುಲದ ಗೋಡೆಯನ್ನೇ ಗುದ್ದಬೇಕೆನ್ನಿಸಿತು. ಹೆಬ್ಬೆರಳು ನೆನಪಾಗಿ ಸುಮ್ಮನಾದರು. ಮರುದಿನ ಆಫೀಸಿನಲ್ಲಿ ಮೇಜಿನಿಂದ ಮೇಜಿಗೆ ಹೋಗಿ ಆಮಂತ್ರಣದ ತಾರೀಕನ್ನು ಪೆನ್ಸಿಲಿನಲ್ಲಿ ತಿದ್ದಿದರು. ತಿಂಗಳಾದ ಮೇಲೆ ಇನ್ನೊಮ್ಮೆ ತಿದ್ದಿದರು. ಮೂರನೆಯ ಸಲ ಹೋದಾಗ ಜವಾನ ತಾನೇ ರಬ್ಬರು ತಂದುಕೊಟ್ಟ.

ಇಟ್ಟಿಗೆ ಬಂದಾಗ ಸುಣ್ಣವಿರಲಿಲ್ಲ. ಸುಣ್ಣ ಬಂದಾಗ ಮೇಸ್ತ್ರಿ ಮದುವೆಯಲ್ಲಿದ್ದ. ಮಳೆಗಾಲ ಮುಗಿಯುತ್ತ ಬಂದರೂ ಶಿವಬಸಪ್ಪನವರು ಒಂಬತ್ತು ದಿನದ ಮನೆಯೊಳಗೆ ಕೋಟು ಬಿಚ್ಚಿಟ್ಟು, ಎದೆಯುದ್ದದ ಒಂದು ಗೋಡೆಗೆ ಬೆಳಿಗ್ಗೆ ಸಂಜೆ ಚೊಂಬಿನಲ್ಲಿ ನೀರು ಹಾಕುತ್ತಿದ್ದರು.

ಅಂಥದೊಂದು ಸಂಜೆ ಮೇಲಿನಿಂದ ಯಾರೋ ಕೆಮ್ಮಿದ ಸದ್ದಾಯಿತು. ಚೊಂಬು ಹಿಡಿದೇ ಕಿಟಕಿಯಲ್ಲಿ ಇಣುಕಿದರು. ಪಕ್ಕದ ಮನೆಗೆ ಹೊಸದಾಗಿ ಹಾಕಿಸಿದ ತಾರಸಿಯ ಅಂಚಿನಲ್ಲಿ ಕರಿಬಸಪ್ಪನವರು ಬಗ್ಗಿ ನಿಂತಿದ್ದರು.

"ನಿಮ್ಮದು," ಎಂದರು ಬಹಳ ಕಾಳಜಿಯಿಂದ, "ಇನ್ನೂ ಗೂಡಿನ ಮಟ್ಟ ಬಂದಿಲ್ವೇ?"