ಅಪ್ಪಂದಿರ ಹಾಜರಿ ಕೂಗಿದ ಅಕ್ಕೋರು

ನಮಗೆ ಗಣಿತ ಕಲಿಸಿದ ಅಕ್ಕೋರೆಂದರೆ ಈಗಲೂ ನನ್ನ ಕಣ್ಣಿಗೆ ಬರುವುದು ಅರ್ಧ ಮುಖವೇ. ಹಣೆ ತುಂಬ ವಿಭೂತಿ, ದಪ್ಪ ಕನ್ನಡಕ, ಅಲ್ಲಿಗೆ ಮುಗಿಯಿತು. ಸಕ್ಕರೆ ಡಬ್ಬಿಗೆ ಒರಗಿಸಿದ ಅವರ ಫೋನು ಅದಕ್ಕಿಂತ ಕೆಳಗೆ ಏನನ್ನೂ ತೋರಿಸುತ್ತಿರಲಿಲ್ಲ. ಬೆನ್ನ ಹಿಂದಿನ ಅಡುಗೆಮನೆಯ ಬಾಗಿಲೇ ಅವರ ಕರಿಹಲಗೆ. ಮನೆಯವರು ಚಹಾ ತರಲು ಬಾಗಿಲು ತೆಗೆದರೆ ಅರ್ಧ ಬರೆದ ತ್ರಿಕೋನ ಒಳಗೆ ಹೋಗಿಬಿಡುತ್ತಿತ್ತು. "ತಡೀರ್ಲೇ, ಈಗ ಬರ್ತೈತಿ" ಎಂದು ಅದು ಮರಳುವವರೆಗೆ ಕಾಯುತ್ತಿದ್ದರು.

ಕೊರೊನಾ ಬಂದು ಶಾಲೆ ಮುಚ್ಚಿದ ವರ್ಷ ನಾನು ಹತ್ತನೆಯ ತರಗತಿ. ಅಕ್ಕೋರು ಸಿಂಧನೂರಿನ ತಮ್ಮ ಮನೆಯಲ್ಲಿ, ನಾವು ಪಾಮನಕಲ್ಲೂರು ಮತ್ತು ಸುತ್ತಲಿನ ಊರುಗಳಲ್ಲಿ. ಫೋನು ನಮ್ಮದಲ್ಲ, ಅಪ್ಪಂದಿರದು. ಅದಕ್ಕೇ ಅವರು ಹೊಲದಿಂದ ಮರಳುವ ಸಂಜೆಯ ಹೊತ್ತಿಗೆ ಪಾಠ. ಪರದೆಯ ಮೇಲೆ ಕಾಣುವುದೂ ಅವರ ಹೆಸರೇ. ಅಕ್ಕೋರು ಅದನ್ನೇ ಹಿಡಿದರು. ಯಾರ ಹೆಸರು ಕಾಣುತ್ತದೋ ಅವರೇ ಮೊದಲು ಹಾಜರಿ ಹೇಳಬೇಕು, ಆಮೇಲೆ ಮಕ್ಕಳು. "ಫೋನ್ ಕೊಟ್ಟವ್ರೂ ಸಾಲಿಗಿ ಬಂದಂಗರೀ ಅಣ್ಣಾರ" ಎನ್ನುತ್ತಿದ್ದರು. ಎರಡನೆಯ ಇಯತ್ತೆಗೇ ಪಾಟಿ ಬಿಸಾಕಿ ಶಾಲೆ ಬಿಟ್ಟಿದ್ದ ನನ್ನಪ್ಪ ಮೊದಮೊದಲು ನಾಚಿ ಮುದ್ದೆಯಾಗುತ್ತಿದ್ದ. ಬರಬರುತ್ತ ಕೈಕಾಲು ತೊಳೆದು, ರುಮಾಲು ಸರಿಮಾಡಿಕೊಂಡು, "ಅದೀನ್ರೀ ಅಕ್ಕೋರ" ಎಂದು ಓಣಿಗೆಲ್ಲ ಕೇಳುವಂತೆ ಕೂಗತೊಡಗಿದ.

ಅದೇ ಅಪ್ಪ ನನ್ನ ಮದುವೆ ಗೊತ್ತುಮಾಡಿದ. ಮಸ್ಕಿಯ ಕಡೆಯ ಬಳಗ. ಶಾಲೆ ಯಾವಾಗ ತೆರೆಯುತ್ತದೋ, ಹುಡುಗಿಯನ್ನು ಸುಮ್ಮನೆ ಯಾಕೆ ಕೂರಿಸಿಕೊಳ್ಳುವುದು ಎಂದು ಎಲ್ಲರ ಮಾತು. ನನಗೆ ಓದಬೇಕಿತ್ತು. ಬಾಯಿ ಬಿಡಲು ಧೈರ್ಯವಿರಲಿಲ್ಲ.

ಒಂದು ಬೆಳಿಗ್ಗೆ ಮುತ್ತೈದೆಯರು ಒನಕೆಗೆ ಅರಿಷಿಣದ ಕೊಂಬು ಕಟ್ಟಿ, ಹಾಡು ಹೇಳಿ, ಮದುವೆಯ ಅರಿಷಿಣ ಕುಟ್ಟಿ ಹೋದರು. ಸಿಗ್ನಲ್ ಸಿಗುವುದು ಅಂಗಳದಲ್ಲಿ ಮಾತ್ರ. ಸಂಜೆ ಅಪ್ಪ, ನಾನು ಅಲ್ಲೇ ಕುಳಿತೆವು. ಬೆನ್ನ ಹಿಂದೆ ಗೋಡೆಗೆ ಆ ಒನಕೆ ಹಾಗೇ ನಿಂತಿತ್ತು. ನಮ್ಮ ಲಕ್ಷ್ಯ ಅತ್ತ ಇರಲಿಲ್ಲ.

ಅಪ್ಪ ಹಾಜರಿ ಹೇಳಿದ. ಅಕ್ಕೋರು ಕನ್ನಡಕ ಏರಿಸಿ ಫೋನಿನ ಹತ್ತಿರ ಬಂದರು.

"ಅಣ್ಣಾರ, ಒನಕಿಗಿ ಅರಿಷಿಣ ಕಟ್ಟೀರಿ. ಮದಿವಿ ಯಾರದ್ರೀ?"

ಎಲ್ಲ ಅಪ್ಪಂದಿರೂ ಕೇಳಿಸಿಕೊಳ್ಳುತ್ತಿದ್ದರು. ನನ್ನಪ್ಪ ರುಮಾಲು ಸರಿಮಾಡಿಕೊಂಡ. "ಮಗಳದ್ರೀ... ಸಾಲಿನೂ ಮುಚ್ಚೈತಲ್ರೀ."

"ಮುಚ್ಚಿದ್ರ ನೀವು ದಿನಾ ಹಾಜರಿ ಹೇಳಾದು ಎಲ್ಲಿಗ್ರೀ?"

ಯಾರೋ ಒಬ್ಬರು ಕಿಸಕ್ಕನೆ ನಕ್ಕರು. ಅಕ್ಕೋರು ನಗಲಿಲ್ಲ. "ಆಕಿ ವಯಸ್ಸು ನಿಮಗೂ ಗೊತ್ತೈತಿ. ದೂರು ಕೊಡಾಕ ನನಗೂ ಬರ್ತೈತಿ. ಅದಕ್ಕ ಮೊದಲ ನಿಮ್ಮನ್ನ ಕೇಳಾಕತ್ತೀನಿ. ನಾಳಿಗಿ ಆಕಿನ ಸಾಲಿಗಿ ಕಳಸ್ತೀರೋ ಇಲ್ಲೋ?"

ಅಪ್ಪ ಫೋನು ಆರಿಸಿ ಎದ್ದು ಹೋದ. ಅವನು ಮರುದಿನ ಬೆಳಿಗ್ಗೆ ಎಲ್ಲಿಗೆ ಹೊರಟನೆಂದು ಅವ್ವನಿಗೂ ಹೇಳಲಿಲ್ಲ. ಸಂಜೆ ನಾನು ಪುಸ್ತಕ ಹಿಡಿದು ಅಂಗಳದಲ್ಲಿ ಕುಳಿತೆ. ಹೊತ್ತು ಮುಳುಗುವಾಗ ಅಪ್ಪ ಬಂದ, ಕೈಕಾಲು ತೊಳೆದ, ಫೋನು ಹಚ್ಚಿದ.

"ಅದೀನ್ರೀ ಅಕ್ಕೋರ. ಮಸ್ಕಿಗಿ ಹೋಗಿ ಒಲ್ಲೆ ಅಂತ ಹೇಳಿ ಬಂದೀನ್ರೀ."

ಅಕ್ಕೋರು ನನ್ನ ಹೆಸರು ಕೂಗಿದರು. ನಾನು ಅಳತೊಡಗಿದೆ. "ಅಳಾದು ಆಮ್ಯಾಲ. ಮೊದಲ ಮೊನ್ನಿ ಪ್ರಮೇಯ ಹೇಳು" ಎಂದರು.

ಅಕ್ಕೋರು ಈಗ ನಿವೃತ್ತರು. ನಾನು ಲಿಂಗಸುಗೂರಿನಲ್ಲಿ ಡಿಗ್ರಿ ಓದುತ್ತಿದ್ದೇನೆ. ಅವರ ಋಣ ನಾನೊಬ್ಬಳೇ ತೀರಿಸುವಂಥದ್ದಲ್ಲ. ಈ ಉಗಾದಿಗೆ ಊರಿಗೆ ಹೋಗಿದ್ದಾಗ ಸೋದರತ್ತೆ ಬಂದು, ಎಂಟನೆಯ ತರಗತಿಯ ನನ್ನ ತಂಗಿಯನ್ನು ತನ್ನ ಮಗನಿಗೆ ಕೇಳಿದಳು. ಜಗಳಕ್ಕೆ ನಿಲ್ಲಲು ನಾನು ಸೆರಗು ಕಟ್ಟಿದ್ದೆ. ಅಪ್ಪ ತಲೆ ಕೂಡ ಎತ್ತಲಿಲ್ಲ.

"ಆಕಿ ಓದಾಕತ್ತಾಳವ್ವ. ನೀ ಚಹಾ ಕುಡಿ."